ಹಾಡು ಕಟ್ಟಿದವರ ಹೆಸರು

ಗಂಡ ಕಟ್ಟಿದ ಹಾಡನ್ನು ಶಿವಕಾಂತಾ ಕೋಥರೂಡ ಬಡಾವಣೆಯ ಮಾಂತುವಿನ ಸ್ಟುಡಿಯೋದಲ್ಲಿ ಹಾಡಿ ಬಂದು ತಿಂಗಳಾಗಿತ್ತು. ಕಟ್ಟಿದವರು ಯಾರೆಂದು ಅಂದು ಮಾಂತು ಕೇಳಿದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಮ್ಮ ಮನಿಯವ್ರು" ಎಂದಷ್ಟೇ ಹೇಳಿದ್ದಳು. ಗಂಡ ತೀರಿಕೊಂಡು ಆರು ವರ್ಷವಾದರೂ ಅವನ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಮಾಂತು ಅವಸರದಲ್ಲಿ, ಕಟ್ಟಿದವರ ಹೆಸರು ಬರೆಯುವ ಜಾಗಕ್ಕೆ "ಜನಪದ" ಎಂದು ತುಂಬಿ, ಹಾಡು ಬಿಡುಗಡೆ ಮಾಡುವ ಕಂಪನಿಗೆ ಕಳಿಸಿಬಿಟ್ಟಿದ್ದ.

ಮೊಮ್ಮಗಳು ಶೀತಲ್ ಮೊಬೈಲಿನಲ್ಲಿ ಅದನ್ನು ಓದಿ ಹೇಳಿದ ಮೇಲೆ ಮುದುಕಿ ಮತ್ತೆ ಸ್ಟುಡಿಯೋಕ್ಕೆ ಬಂದು ಕೂತಳು.

"ತಿದ್ದಪ್ಪಾ ತಮ್ಮಾ. ಇಟ್ಟಂಗಿ ಹೊರ್ತಾ ಹೊರ್ತಾ ಅವ್ರು ಕಟ್ಟಿದ ಹಾಡದು."

"ಆಯಿ, ಹಾಡಿಗೆ ಕೋಡ್ ನಂಬರ್ ಬಿದ್ದದ, ಆಲ್ಬಮ್ಮಿಗೆ ಬಾರ್‌ಕೋಡ್ ಬಿದ್ದದ. ಆ ನಂಬರಿನ ಕೂಡ 'ಜನಪದ' ಅಂತನೇ ಎಲ್ಲಾ ಕಡೆ ಹೋಗ್ಯದ. ಶೀತಲ್ ಫೋನ್ ಮಾಡಿದ ಮ್ಯಾಲ, ಇದು ಜನಪದ ಅಲ್ಲಂತ ಕಂಪನಿಗೆ ಮೂರು ಸಲ ಬರದೀನಿ. ಕಟ್ಟಿದವ್ರ ಕೈಬರಹ ತೋರ್ಸು ಅಂತಾರ."

"ಅವ್ರಿಗೆ ಬರೀಲಿಕ್ಕೇ ಬರ್ತಿದ್ದಿಲ್ಲಲ್ಲೋ."

"ಅವತ್ತೇ ಹೆಸರು ಹೇಳಿದ್ರ ನಿನ್ನ ಬಾಯಾಗ ಹುಳ ಬೀಳ್ತಿದ್ದುವೇನು?"

ಶಿವಕಾಂತಾ ಗೋಡೆಯ ಕಡೆ ಮುಖ ತಿರುಗಿಸಿದಳು. "ಅವ್ವಣ್ಣ" ಎಂದಳು. ಮುಖ ಕಿವಿಯ ತನಕ ಬಿಸಿಯಾಯಿತು.

ಮಾಂತು ಕಂಪ್ಯೂಟರಿನಲ್ಲಿ ಕಂಪನಿಯ ಪುಟ ತೆರೆದು, "ಜನಪದ" ಎಂದಿದ್ದ ಜಾಗದಲ್ಲಿ ಆ ಹೆಸರನ್ನು ಹೊಡೆದು ನೋಡಿದ. ಕಂಪನಿ ಆ ಜಾಗಕ್ಕೆ ಬೀಗ ಹಾಕಿಬಿಟ್ಟಿತ್ತು; ಒಂದಕ್ಷರವೂ ಮೂಡಲಿಲ್ಲ.

"ತೊಗೊಳವಲ್ದು, ಆಯಿ."

ಯಂತ್ರಕ್ಕೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವಳು ಅದರತ್ತ ಬಾಗಿ, ಇನ್ನೊಮ್ಮೆ, ಸ್ವಲ್ಪ ಜೋರಾಗಿ ಗಂಡನ ಹೆಸರು ಹೇಳಿದಳು.