ಮಾರನ ಬೆನ್ನು

"ಇವ ಹೀರೋನಾ, ಇಲ್ಲ ಸಗಣಿ ಬುಟ್ಟಿ ಹೊರೋಕೆ ಬಂದವ್ನಾ?"

ಯಜ್ಞೇಶ ಪೆನ್ನಿನ ಮೊನೆಯಿಂದ ಸ್ಕ್ರೀನನ್ನು ಕುಟ್ಟುತ್ತಿದ್ದ. "ಕೈಗೆ ಕತ್ತಿ ಕೊಟ್ಟಿದ್ದೀಯ, ತಲೆಗೆ ಪೇಟ ಸುತ್ತಿದ್ದೀಯ, ಸರಿ. ನಿಂತಿದ್ದು ನೋಡು ಮಾರಾಯ್ತಿ! ಕೋಟೆ ಆಳೋನು ಹಿಂಗ್ ನಿಲ್ತಾನಾ? ಯಾರೋ ಬೈದು ನಿಲ್ಲಿಸಿದಂಗಿದೆ."

ರೇಖಾ ಕಣ್ಣು ಕಿರಿದು ಮಾಡಿ ನೋಡಿದಳು. ಎಂಟು ದಿನ ಕೂತು ಬರೆದ ಚಿತ್ರ. ಪೇಟದ ಮಡಿಕೆ ಮಡಿಕೆಯನ್ನೂ ತಿದ್ದಿದ್ದಳು. ಇದರಲ್ಲಿ ತಪ್ಪೇನಿದೆ ಎಂಬುದು ಅವಳಿಗೆ ನಿಜಕ್ಕೂ ಗೊತ್ತಾಗಲಿಲ್ಲ.

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಗಳೇ ಈ ಸ್ಟುಡಿಯೊ. ಇಲ್ಲಿ ಕಂಪ್ಯೂಟರ್ ಗೇಮ್ ತಯಾರಾಗುತ್ತದೆ ಎಂದರೆ ಊರಿನವರು ಈಗಲೂ ನಂಬುವುದಿಲ್ಲ. ಯಜಮಾನ ಯಜ್ಞೇಶ, ಹಿರೇಕೊಡಿಗೆಯ ಗಣಪಯ್ಯನವರ ಮಗ. ಆಟದ ಪ್ರೋಗ್ರಾಂ ಬರೆಯುವವನು ಶಶಾಂಕ. ಚಿತ್ರ ಬರೆಯುವವಳು ರೇಖಾ, ಅದೇ ಗಣಪಯ್ಯನವರ ತೋಟದಲ್ಲಿ ಮೂವತ್ತು ವರ್ಷದಿಂದ ಗೇಯುತ್ತಿರುವ ಮಾರಪ್ಪನ ಮಗಳು. ಇಲ್ಲಿ ಎಲ್ಲರೂ ಸಮ, ಹೆಸರು ಹಿಡಿದೇ ಕರೆಯಬೇಕು ಅಂತ ಮೊದಲ ದಿನವೇ ಯಜ್ಞೇಶ ಅಪ್ಪಣೆ ಮಾಡಿದ್ದ. ಮನೆಯಲ್ಲಿ ಅಪ್ಪ 'ಸಣ್ಣಯ್ಯ' ಎನ್ನುವವನನ್ನು ಹೆಸರು ಹಿಡಿದು ಕರೆಯಲು ರೇಖಾಳಿಗೆ ನಾಲಿಗೆ ಹೊರಳಲಿಲ್ಲ. ಕೊನೆಗೆ 'ಸರ್' ಎನ್ನುವಲ್ಲಿಗೆ ರಾಜಿಯಾಯಿತು.

ಎರಡು ವರ್ಷ ಅವಳು ಬರೆದದ್ದು ಹುಲ್ಲು, ಕಲ್ಲು, ಮಡಕೆ, ಎಮ್ಮೆ. ಆಡುವವರು ಅವನ್ನು ದಾಟಿಕೊಂಡು ಹೋಗುತ್ತಾರೆಯೇ ಹೊರತು ನಿಂತು ನೋಡುವುದಿಲ್ಲ. ಬೇಡಿ ಬೇಡಿ ಈ ಸಲ ಹೀರೋನ ಚಿತ್ರ ಕೈಗೆ ಬಂದಿತ್ತು.

ಅಷ್ಟರಲ್ಲಿ ಗಣಪಯ್ಯನವರೇ ಮೆಟ್ಟಿಲು ಹತ್ತಿ ಬಂದರು. ಪೇಟೆಗೆ ಬಂದಾಗಲೆಲ್ಲ ಮಗನ ಆಫೀಸಿಗೆ ಬಂದು ಒಂದು ಎಲೆಯಡಿಕೆ ಕವಳ ಹಾಕಿ ಹೋಗುವುದು ಅವರ ರೂಢಿ. ರೇಖಾ ತಾನಾಗಿ ಎದ್ದಳು. ಅವಳ ಕುರ್ಚಿಯಲ್ಲಿ ಕೂತು ಸ್ಕ್ರೀನು ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಲ್ದನಾ, ಇವ ನಮ್ಮ ಮಾರ ಅಲ್ದನಾ! ಎಡಗಾಲಿಗೆ ಭಾರ ಬಿಟ್ಟು, ಕುತ್ತಿಗೆ ಮುಂದೆ ಹಾಕಿ, ಒಂದು ಕೈ ಎದೆ ಮೇಲೆ. ಥೇಟ್ ಅವನೇ! ಆ ಕತ್ತಿ ತೆಗೆದು ಹಾರೆ ಕೊಡು ಕೂಸೆ, ಸಾಕು. ರಾಜನಂತೆ ರಾಜ!"

ಶಶಾಂಕನೂ ನಕ್ಕ. ರೇಖಾಳ ಮುಖ ಕಂಡು ನಿಲ್ಲಿಸಿದ.

ಈಗ ಅವಳಿಗೂ ಕಂಡಿತು. ಯಾರನ್ನೂ ನೋಡಿಕೊಂಡು ಬರೆದದ್ದಲ್ಲ. ಗಂಡಸು ನಿಲ್ಲುವುದೆಂದರೆ ಹೇಗೆ ಎಂದು ಅವಳ ಕೈಗೆ ಗೊತ್ತಿದ್ದದ್ದು ಅದೊಂದೇ. ಚಿಕ್ಕವಳಿದ್ದಾಗ ಗಣಪಯ್ಯನವರ ಅಂಗಳದ ತುದಿಯಲ್ಲಿ, ಅಪ್ಪನ ಪಂಚೆ ಹಿಡಿದು ನಿಂತು, ಕೆಳಗಿನಿಂದ ನೋಡಿದ ಬೆನ್ನು ಅದು.

"ಅಪ್ಪಯ್ಯ, ಒಳ್ಳೆ ಐಡಿಯಾ ಕೊಟ್ಟೆ," ಎಂದ ಯಜ್ಞೇಶ. "ಇವ ಆಳಾಗಿರ್ಲಿ. ಹೀರೋ ಕರೆದ ಕೂಡ್ಲೇ ಬಂದು ಬಗ್ಗೋದು, ಹೇಳಿದ್ದು ಮಾಡೋದು. ಹೆಸರೂ ಮಾರ ಅಂತ್ಲೇ ಇಡಣ. ಕರೆಯೋ ಧ್ವನಿ ನಿಂದೇ."

ಗಣಪಯ್ಯ ಕವಳ ಉಗಿದು ಬಂದರು. ಧ್ವನಿ ರೆಕಾರ್ಡ್ ಮಾಡಲು ಯಜ್ಞೇಶ ಫೋನು ಬಾಯಿಯ ಹತ್ತಿರ ಹಿಡಿದದ್ದೇ ತಡ, ಗಂಟಲು ತೆರೆದರು.

"ಏ ಮಾರಾ! ಎಲ್ಲಿ ಸತ್ಯೋ ಬೋಳಿಮಗ್ನೆ!"

ಒಂದೇ ಸಲಕ್ಕೆ ಸರಿಬಂತು. ಅಷ್ಟು ವರ್ಷದ ಅಭ್ಯಾಸ.

ಹೀರೋ ಹೇಗೆ ನಿಲ್ಲಬೇಕೆಂದು ತೋರಿಸಲು ಶಶಾಂಕನನ್ನು ಕಿಟಕಿಯ ಮುಂದೆ ನಿಲ್ಲಿಸಿದರು. ಅವನು ಸೊಂಟಕ್ಕೆ ಕೈಕೊಟ್ಟು ಎದೆ ಉಬ್ಬಿಸಿದ. ಅವನನ್ನು ನೋಡಿಕೊಂಡು ರೇಖಾ ಅರ್ಧ ದಿನದಲ್ಲಿ ರಾಜನನ್ನು ಬರೆದು ಮುಗಿಸಿದಳು. ಎಲ್ಲರೂ ಭೇಷ್ ಎಂದರು.

ಸಂಜೆ, ಯಜ್ಞೇಶ ಒಬ್ಬನೇ ಇದ್ದಾಗ ಹತ್ತಿರ ಹೋದಳು.

"ಸರ್, ಹೆಸರಾದ್ರೂ ಬೇರೆ ಇಡಿ."

"ಎಂತಕ್ಕೆ?"

"ಅದು ಅಪ್ಪನ ಹೆಸ್ರು."

"ಅದಕ್ಕೇ ಚೆಂದ ಮಾರಾಯ್ತಿ. ನಾಳೆ ಜಪಾನಿನವ್ನೂ ಮಾರಾ ಮಾರಾ ಅಂತ ಕರೀತಾನೆ. ನಿನ್ನಪ್ಪಂಗೆ ಇನ್ನೆಂತ ಬೇಕು?"

"ಬೈಗುಳನಾದ್ರೂ ತೆಗೀರಿ ಸರ್."

"ಅದು ಬೈಗುಳ ಅಲ್ಲ, ಅಪ್ಪಯ್ಯನ ಸಲಿಗೆ. ಮಾರ ಯಾವತ್ತಾದ್ರೂ ಬೇಜಾರು ಮಾಡ್ಕಂಡಿದ್ದಾನಾ ಕೇಳು." ಯಜ್ಞೇಶ ಬ್ಯಾಗು ಹೆಗಲಿಗೇರಿಸಿದ. "ಬಗ್ಗೋದನ್ನ ಹಂತ ಹಂತವಾಗಿ ತೋರಿಸೋಕೆ ಹನ್ನೆರಡು ಚಿತ್ರ ಬೇಕು, ಸೋಮವಾರಕ್ಕೆ. ಆಗಲ್ಲ ಅಂದ್ರೆ ಈಗ್ಲೇ ಹೇಳು. ಕಂಪ್ಯೂಟರಿಗೆ ಹೇಳಿದ್ರೆ ಅದೇ ಬರೆದು ಕೊಡುತ್ತೆ ಈಗ."

ಆಗಲ್ಲ ಎಂದು ಅವಳು ಹೇಳಲಿಲ್ಲ. ಕುರ್ಚಿಯ ಮೇಲೆ ಕೂತು ಚಿತ್ರ ಬರೆಯುವ ಇನ್ನೊಂದು ಕೆಲಸ ಆ ಪೇಟೆಯಲ್ಲಿ ಇರಲಿಲ್ಲ. ಇದು ಬಿಟ್ಟರೆ ಗಣಪಯ್ಯನವರ ಚಪ್ಪರದಡಿ, ಅವ್ವನ ಪಕ್ಕದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುವುದೇ.

ಭಾನುವಾರ ಬೆಳಿಗ್ಗೆ ಮಾರಪ್ಪನನ್ನು ಮನೆಯೆದುರು ನಿಲ್ಲಿಸಿದಳು.

"ಗೇಮಲ್ಲಿ ನನ್ನೆಸ್ರಂತೆ? ಅಯ್ಯ ಹೇಳಿದ್ರು," ಅವನ ಮುಖ ಅರಳಿತ್ತು. ಫೋಟೋ ಹಿಡಿಯುತ್ತಾರೆಂದುಕೊಂಡು ಟವೆಲು ಕೊಡವಿ ಹೆಗಲಿಗೆ ಹಾಕಿ, ನೆಟ್ಟಗೆ ನಿಂತ.

"ಹಂಗಲ್ಲ ಅಪ್ಪ. ಅಯ್ಯನ ಮುಂದೆ ನಿಲ್ತೀಯಲ್ಲ, ಹಂಗೆ."

"ಅವರ ಮುಂದೆ ಹೆಂಗ್ ನಿಲ್ತೀನಿ? ಹಿಂಗೇ."

"ಸ್ವಲ್ಪ ಬಗ್ಗು."

ಮಾರಪ್ಪ ಪ್ರಯತ್ನ ಮಾಡಿದ. ಸೊಂಟ ಮಡಚಿಕೊಂಡಿತೇ ಹೊರತು ಬೆನ್ನು ಬಾಗಲಿಲ್ಲ. ಅವನಿಗೇ ನಗು ಬಂತು. "ಥೋ ಹೋಗೇ! ಸುಮ್‌ಸುಮ್ನೆ ಬಗ್ಗು ಅಂದ್ರೆ ಹೆಂಗ್ ಬಗ್ಗೋದು?"

ಅಪ್ಪ ಇಷ್ಟು ಎತ್ತರ ಇದ್ದಾನೆಂದು ರೇಖಾಳಿಗೆ ಆವತ್ತೇ ಗೊತ್ತಾದದ್ದು. ನೆಟ್ಟಗೆ ನಿಂತಿದ್ದನ್ನೇ ಫೋನಿನಲ್ಲಿ ಹಿಡಿದುಕೊಂಡಳು. ಬಗ್ಗುವ ಹನ್ನೆರಡನ್ನು ನೆನಪಿನಿಂದಲೇ ಬರೆದು ಸೋಮವಾರ ಕೊಟ್ಟಳು. ಒಂದರಿಂದ ಹನ್ನೆರಡರ ತನಕ ಗೆರೆ ಎಲ್ಲೂ ತಪ್ಪಲಿಲ್ಲ. ತನ್ನ ಕೈಯ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

ಗೇಮು ಬಿಡುಗಡೆಯ ದಿನ ಸ್ಟುಡಿಯೊದಲ್ಲೇ ಬಾಡಿಗೆ ಕುರ್ಚಿ, ಬಾಡಿಗೆ ಸ್ಪೀಕರು, ಗೋಡೆಯ ಮೇಲೆ ಚಿತ್ರ ಬೀಳಿಸಲು ಸೂರಿಗೆ ಕಟ್ಟಿದ ಪ್ರೊಜೆಕ್ಟರು. ಊರಿನ ಗಣ್ಯರೆಲ್ಲ ಮುಂದಿನ ಸಾಲಿನಲ್ಲಿ. "ಮಾರನೂ ಇರ್ಲಿ, ಜೋಡಿ ಫೋಟೋ ತೆಗೆಸಣ," ಎಂದು ಗಣಪಯ್ಯನವರೇ ಅವನನ್ನು ಕರೆಸಿದ್ದರು. ಬಿಳಿ ಶರ್ಟು ಹಾಕಿ, ಟವೆಲು ಹೆಗಲಿಗೇರಿಸಿಕೊಂಡು ಬಂದ ಅಪ್ಪನನ್ನು ರೇಖಾ ಹಿಂದಿನ ಸಾಲಿನಲ್ಲಿ ಕೂರಿಸಿ, ಕೈಗೆ ಕೇಸರಿಬಾತಿನ ತಟ್ಟೆ ಕೊಟ್ಟಳು. ಅವನು ಕುರ್ಚಿಯ ಅಂಚಿಗೆ ಕೂತಿದ್ದ.

"ಹಿಂದಕ್ಕೆ ಒರಗಿ ಕೂತ್ಕಳಪ್ಪ. ಏನಾಗಲ್ಲ."

ಅವನು ಒರಗಿದ.

ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು ಅವಳು ಮಾರನ ಫೈಲನ್ನು ಬದಲಿಸಿಟ್ಟಿದ್ದಳು. ಹನ್ನೆರಡರ ಜಾಗದಲ್ಲೂ ಒಂದೇ ಚಿತ್ರ: ಆ ಭಾನುವಾರದ ಫೋಟೋ ನೋಡಿ ಬರೆದ, ಮನೆಯೆದುರು ನೆಟ್ಟಗೆ ನಿಂತ ಅಪ್ಪ. ಇವತ್ತಿಗೆ ಈ ಕೆಲಸ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಬ್ಯಾಗು ತುಂಬಿಸಿಯೇ ಇಟ್ಟಿದ್ದಳು.

ಯಜ್ಞೇಶ ನಾಲ್ಕು ಮಾತಾಡಿ, ಆಟ ಶುರುಮಾಡಿ, ಆಳನ್ನು ಕರೆಯುವ ಕೀ ಒತ್ತಿದ.

"ಏ ಮಾರಾ! ಎಲ್ಲಿ ಸತ್ಯೋ ಬೋಳಿಮಗ್ನೆ!"

ಸ್ಪೀಕರಿನ ಸದ್ದಿಗೆ ಕಿಟಕಿಯ ಗಾಜು ಅದುರಿತು. ಗೋಡೆಯ ಮೇಲಿನ ಮಾರ ಅಲುಗಲಿಲ್ಲ. ಹೆಗಲ ಮೇಲೆ ಟವೆಲು ಹಾಕಿಕೊಂಡು, ಕರೆದ ರಾಜನನ್ನು ಸರಿಸಮ ನೋಡುತ್ತ ನಿಂತಿದ್ದ. ಯಜ್ಞೇಶ ಮತ್ತೆ ಒತ್ತಿದ. ಮತ್ತೆ ಅದೇ ಕೂಗು. ಮಾರ ನಿಂತೇ ಇದ್ದ. ರೇಖಾಳಿಗೆ ಭಯವಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಹಿಂದೆ ಕುರ್ಚಿ ಸರಿದ ಸದ್ದಾಯಿತು.

"ಬಂದೆ ಅಯ್ಯಾ."

ತಟ್ಟೆ ನೆಲಕ್ಕಿಟ್ಟು ಮಾರಪ್ಪ ಎದ್ದಿದ್ದ. ಚಪ್ಪಲಿ ಕುರ್ಚಿಯ ಅಡಿಯಲ್ಲೇ ಉಳಿದಿತ್ತು. ಟವೆಲು ಹೆಗಲಿಂದ ಕಂಕುಳಿಗೆ ಇಳಿಯಿತು. ಕುತ್ತಿಗೆ ಮುಂದೆ ಬಂತು, ಕೈ ಎದೆಗೆ ಹೋಯಿತು, ಬೆನ್ನು ಒಂದೊಂದೇ ಹಂತ ಬಾಗುತ್ತ ಹೋಯಿತು. ಅವಳು ಬರೆದ ಹನ್ನೆರಡೂ ಅದರಲ್ಲಿ ಇದ್ದವು. ಕುರ್ಚಿಗಳ ನಡುವೆ ಹಾಗೇ ನಡೆದು ಗಣಪಯ್ಯನವರ ಮುಂದೆ ಬಂದು ನಿಂತ.

ಯಾರೋ ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಎಲ್ಲರೂ ತಟ್ಟಿದರು. ಗಣಪಯ್ಯನವರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು.

ಯಜ್ಞೇಶ ಗೋಡೆ ನೋಡಿದ, ರೇಖಾಳನ್ನು ನೋಡಿದ. ಅವನಿಗೆ ಅರ್ಥವಾಯಿತು. "ಶಶಾಂಕ, ಫೋನು ತೆಗಿ. ಇದನ್ನ ವೀಡಿಯೊ ಮಾಡ್ಕೋ," ಎಂದ ಮೆತ್ತಗೆ. "ಇದನ್ನೇ ಗೇಮಿಗೆ ಹಾಕಣ, ಇನ್ನು ಬರೆಯೋರೇ ಬೇಡ."

ಮೂರನೆಯ ಸಲ ಕೀ ಒತ್ತಿದ.

ರೇಖಾ ಓಡಿ ಹೋಗಿ ಅಪ್ಪನ ತೋಳು ಹಿಡಿದಳು. "ಅಪ್ಪಾ, ಅದು ಗೇಮು. ಯಾರೂ ಕರೀತಿಲ್ಲ. ಬಾ, ಕೂತ್ಕ."

"ಬಿಡೇ," ಅವನು ತಲೆ ಎತ್ತದೆ ಗದರಿದ. "ಅಯ್ಯ ಕರೀತಾ ಇರೋದು ಕೇಳಲ್ವಾ ನಿಂಗೆ?"

ಅವನು ನಿಂತದ್ದು ಸರಿಯಾಗಿ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡವಾಗಿತ್ತು. ನೆಟ್ಟಗೆ ನಿಂತ ಮಾರನ ತಲೆ ಗೋಡೆಯ ಮೇಲಿತ್ತು. ಕಾಲುಗಳು ಮಾರಪ್ಪನ ಬಾಗಿದ ಬೆನ್ನಿನ ಮೇಲೆ, ಬಿಳಿ ಶರ್ಟಿನ ಮೇಲೆ ಬಿದ್ದಿದ್ದವು.