ಕತ್ತರಿಗೆ ಒಂದು ದಿನದ ರಜೆ

ರಾಜಧಾನಿಯ ಲೋಧಿ ಕಾಲೋನಿಯ ಅಪ್ಪಚ್ಚು ಅವರ ಕೈತೋಟದಲ್ಲಿ ಅವರ ಅಪ್ಪಣೆಯಿಲ್ಲದೆ ಒಂದು ಎಲೆಯೂ ಉದುರುತ್ತಿರಲಿಲ್ಲ. ತಪ್ಪಿ ಉದುರಿದರೆ ನೆಲ ಮುಟ್ಟುವ ಮೊದಲೇ ಪೊರಕೆ ಅದನ್ನು ಬಂಧಿಸುತ್ತಿತ್ತು. ಸೇನೆಯಲ್ಲಿ ಸುಬೇದಾರರಾಗಿದ್ದು, ನಿವೃತ್ತರಾದ ಮೇಲೆ ಸರ್ಕಾರಿ ಕಚೇರಿಯೊಂದರ ಭದ್ರತಾ ವಿಭಾಗ ಸೇರಿದ್ದ ಕೊಡಗಿನವರು. ಅವರ ಮನೆಯಲ್ಲಿ ಗಿಡಗಳಿಗೂ ದಿನಾ ಕವಾಯತು.

ಆ ಶಿಸ್ತಿಗೆ ಬಗ್ಗದ್ದು ಒಂದೇ: ಬೇಲಿಯುದ್ದಕ್ಕೂ ಬೆಳೆದ ಮುಳ್ಳುಗೋರಟೆ. ಮಗ ಯಶ್ವಂತ್ ಶಾಲೆಗೆ ಹೋಗುವಾಗ ನೆಟ್ಟದ್ದು. ಪ್ರತಿ ದಸರೆಗೆ ಅದು ಹಳದಿ ಹೂ ಬಿಡುತ್ತಿತ್ತು. ಹೂವಿನ ಬೆನ್ನಿಗೇ ಹೆಬ್ಬೆರಳಿನಷ್ಟು ಸೂರಕ್ಕಿ ಬಂದು ಮಕರಂದ ಹೀರುತ್ತಿತ್ತು.

ಅದು 2002ರ ಅಕ್ಟೋಬರ್. ಯಶ್ವಂತ್ ಈಗ ಸೈನಿಕ. ಹತ್ತು ತಿಂಗಳಿಂದ ರಾಜಸ್ಥಾನದ ಗಡಿಯಲ್ಲಿದ್ದ. ಯುದ್ಧವಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಫೋನ್, ಅದೂ ಎರಡೇ ನಿಮಿಷ. ಅದರಲ್ಲೂ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: "ಅವ್ವ, ಸೂರಕ್ಕಿ ಬಂತಾ?"

ಮೂರು ವಾರದಿಂದ ತಾಯಿ ಸರಸು "ನಾಳೆ ಬರಬಹುದು ಮಗ" ಎನ್ನುತ್ತಿದ್ದರು. ಬರುವುದು ಹೇಗೆ? ಕಾಲೋನಿಯ ತೋಟದ ಸ್ಪರ್ಧೆಗೆಂದು ಅಪ್ಪಚ್ಚು ಅರ್ಧ ಬೇಲಿಯನ್ನು ಮೊಗ್ಗಿನ ಸಮೇತ ಕತ್ತರಿಸಿ, ಒಣಗೆಲೆಯ ಜೊತೆ ಸುಟ್ಟಿದ್ದರು. ಉಳಿದರ್ಧಕ್ಕೆ ಆಯುಧಪೂಜೆಯ ದಿನವೇ ಮುಹೂರ್ತ ಇಟ್ಟಿದ್ದರು.

ಅಂದು ಬೆಳಿಗ್ಗೆ ಸರಸು ತೋಟದ ಕತ್ತರಿ, ಗುದ್ದಲಿ, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ತೊಳೆದು, ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಮೇಲಿನ ಮನೆಯ ಪದ್ಮಾ ಶಾಲೆಯಲ್ಲಿ ಜೀವಶಾಸ್ತ್ರದ ಟೀಚರು. ಅವರು ಪ್ರಸಾದಕ್ಕೆ ಬರುವುದಕ್ಕೂ ಅಪ್ಪಚ್ಚು ಕತ್ತರಿಯತ್ತ ಕೈ ಚಾಚುವುದಕ್ಕೂ ಸರಿಹೋಯಿತು.

"ಅಣ್ಣಾ, ಪೂಜೆಗಿಟ್ಟ ಆಯುಧ ನಾಳೆ ವಿಜಯದಶಮಿವರೆಗೂ ಎತ್ತೋ ಹಾಗಿಲ್ಲ. ಫೌಜಿಗೆ ನಾನು ಹೇಳಿಕೊಡಬೇಕಾ?"

ಕೈ ಗಾಳಿಯಲ್ಲೇ ನಿಂತಿತು. ಫಿರಂಗಿಗೆ ಹೆದರದ ಮನುಷ್ಯ ಚಿಟಿಕೆ ಕುಂಕುಮಕ್ಕೆ ಹೆದರಿದರು.

"ಅಚ್ಛಾ, ನಾಳೆ ನೋಡ್ಕೋತೀನಿ. ಸ್ಪರ್ಧೆಗೆ ಜಂಗಲ್ ತೋರಿಸೋಕಾಗುತ್ತಾ ಟೀಚರಮ್ಮ? ಬೇಲಿ ಜಾಗಕ್ಕೆ ಪೆಟುನಿಯಾ ಹೂಗಿಡ ತರೋಕೆ ನರ್ಸರಿ ಭಯ್ಯಾಗೆ ಹೇಳಿದೀನಿ."

"ಬರಲಿ, ಚೆನ್ನಾಗಿರುತ್ತೆ. ಆದರೆ ಅದು ಅರಳೋದು ಇನ್ನೆರಡು ಮೂರು ತಿಂಗಳಿಗೆ. ಅಲ್ಲಿವರೆಗೆ ಹಕ್ಕಿ ಏನು ತಿನ್ನಬೇಕು? ಗೋರಟೆ ಈ ನೆಲದ ಗಿಡ. ಮಳೆ ನಿಂತು ಬೇರೆ ಹೂ ಕಡಿಮೆಯಾದಾಗ ಇದು ಅರಳುತ್ತೆ. ಇಲ್ಲಿನ ಹಕ್ಕಿ, ಜೇನು ಇದನ್ನೇ ನೆಚ್ಚಿಕೊಂಡಿರ್ತವೆ."

"ಮತ್ತೆ ಒಣಗೆಲೆ? ಅದಕ್ಕೂ ಪೂಜೆ ಮಾಡ್ಬೇಕಾ?"

"ಪೂಜೆ ಬೇಡ, ಸುಡದಿದ್ರೆ ಸಾಕು. ಗಿಡದ ಬುಡಕ್ಕೆ ಹಾಕಿ. ಅದರೊಳಗಿನ ಹುಳ ಹುಪ್ಪಟೆ ಹಕ್ಕಿಗಳಿಗೆ ಊಟ. ಕೊಳೆತರೆ ಗಿಡಕ್ಕೆ ಗೊಬ್ಬರ. ಹೊಗೆ ಇಲ್ಲದಿದ್ರೆ ಸರಸಕ್ಕನ ಕೆಮ್ಮೂ ಕಡಿಮೆಯಾಗುತ್ತೆ. ಆ ಪಂಪಿನ ವಿಷವೂ ಬೇಡ. ಹುಳ ತಿಂದ ಹಕ್ಕಿಗೂ ಅದು ತಗಲುತ್ತೆ."

"ಇಷ್ಟುದ್ದದ ಹಕ್ಕಿಗೆ ಇಷ್ಟೊಂದು ಕಾನೂನಾ!" ಅಪ್ಪಚ್ಚು ಮೀಸೆ ತಿರುವಿದರು.

ಸರಸು ಪ್ರಸಾದದ ತಟ್ಟೆ ಕೆಳಗಿಟ್ಟರು. "ಇನ್ಮೇಲೆ ಫೋನ್ ನೀವೇ ಎತ್ತಿ. ಅವನಿಗೆ ಸುಳ್ಳು ಹೇಳೋಕೆ ನನ್ನಿಂದಾಗಲ್ಲ," ಎಂದು ಒಳಗೆ ಹೋದರು.

ಆಯುಧವಿಲ್ಲದ ಸುಬೇದಾರರು ವರಾಂಡದಲ್ಲಿ ಕೂತರು. ಆ ಒಂದು ದಿನ ಅವರಿಗೆ ಒಂದು ಯುಗಕ್ಕಿಂತ ಉದ್ದ. ಕೆಲಸವಿಲ್ಲದ ಕಣ್ಣು ಬೇಲಿಯ ಮೇಲೆ ನೆಟ್ಟಿತು. ಕತ್ತರಿಸಿದ ಕಡೆ ಒಂದು ನೊಣವೂ ಇರಲಿಲ್ಲ. ಉಳಿದ ಕಡೆ ಬಿರಿಯಲು ಸಿದ್ಧವಾದ ಮೊಗ್ಗು, ಅವು ಬಿರಿದವೇ ಎಂದು ಸುತ್ತಿ ನೋಡುವ ಜೇನು. ಮುಳ್ಳಿನ ಮರೆಯಲ್ಲಿ ಗುಬ್ಬಿಗಳು ಮೈ ಹುದುಗಿಸಿ ಕೂತಿದ್ದವು. ಅಪ್ಪಚ್ಚುಗೆ ಗಡಿಯ ಕಂದಕ ನೆನಪಾಯಿತು. ಆಸರೆ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಅವರು ಕತ್ತರಿ ಎತ್ತಿದರು. ಎಣ್ಣೆ ಹಚ್ಚಿದರು. ಅಟ್ಟದ ಮೇಲಿಟ್ಟರು.

ಎಂಟಕ್ಕೆ ಫೋನ್ ಬಂತು. "ಅಪ್ಪಾ? ನೀವು ಎತ್ತಿದ್ರಾ! ಸೂರಕ್ಕಿ ಬಂತಾ?"

"ಇಲ್ಲ ಮಗ. ಅರ್ಧ ಬೇಲಿ ನಾನೇ ಕತ್ತರಿಸಿಬಿಟ್ಟೆ. ಉಳಿದರ್ಧ ಕಾಯ್ತಾ ಇದೀನಿ."

ಮಗ ಮೆಲ್ಲಗೆ ಹೇಳಿದ: "ಹಾಗಾದ್ರೆ ಕಾವಲಿನ ಪೋಸ್ಟ್ ಬಿಡಬೇಡಿ ಅಪ್ಪ."

ಬಿಡಲಿಲ್ಲ. ನಾಲ್ಕನೇ ದಿನ ಹೂ ಬಿರಿಯಿತು. ಐದನೇ ದಿನ, ಎದೆಯ ಮೇಲೆ ಕಪ್ಪು ಗೆರೆಯಿದ್ದ ಸೂರಕ್ಕಿ ಬಂತು. ಸ್ಪರ್ಧೆಯ ಬಹುಮಾನ ಇನ್ಯಾರಿಗೋ ಹೋಯಿತು. ಮುಂದಿನ ಫೋನ್ ಬಂದಾಗ ಅಪ್ಪಚ್ಚು ಮಾತೇ ಆಡಲಿಲ್ಲ. ಅದರ ವಯರು ಮಗನಿದ್ದ ಜೈಸಲ್ಮೇರ್ ಮುಟ್ಟುವಷ್ಟು ಎಳೆದು, ರಿಸೀವರನ್ನು ಕಿಟಕಿಯ ಹೊರಗೆ ಹಿಡಿದರು. ಎರಡು ನಿಮಿಷವೂ ಹಕ್ಕಿಯೇ ಮಾತಾಡಿತು.

ಅಕ್ಕ ಅಣ್ಣಂದಿರೇ, ಈ ದಸರೆಗೆ ನಿಮ್ಮ ಕತ್ತರಿಗೂ ರಜೆ ಕೊಡಿ. ಮೊಗ್ಗಿರುವ ಗಿಡ ಕಡಿಯಬೇಡಿ. ಒಣಗೆಲೆಗೆ ಬೆಂಕಿ ಇಡಬೇಡಿ, ವಿಷ ಸಿಂಪಡಿಸಬೇಡಿ. ಗೋರಟೆ, ಪಾರಿಜಾತ, ಆಡುಸೋಗೆ, ನಮ್ಮ ನೆಲದ್ದು ಯಾವುದಾದರೂ ಒಂದನ್ನು ನೆಡಿ. ಅಂಗಳವಿಲ್ಲವೇ? ಬಾಲ್ಕನಿಯಲ್ಲಿ ಒಂದು ಕುಂಡ, ಒಂದು ಬಟ್ಟಲು ನೀರು ಸಾಕು. ದೂರದಲ್ಲಿರುವ ನಿಮ್ಮವರು "ಬಂತಾ?" ಎಂದು ಕೇಳಿದಾಗ, ಕಿಟಕಿ ತೆರೆದು ಕೇಳಿಸುವಂತಿರಲಿ.