ತೂಗಿದ ಕೈ

ಬಸವಣ್ಣನ ಗುಡ್ಡ ಹತ್ತುವುದು ದೊಡ್ಡ ಮಾತೇನಲ್ಲ. ದೇವಿಕೊಪ್ಪದ ಆಚೆಗಿನ ಆ ಊರಿನ ಮುದುಕಿಯರು ಎಲೆ ಅಡಿಕೆ ಮೆಲ್ಲುತ್ತಲೇ ಹತ್ತಿ, ತುದಿಯಲ್ಲಿರುವ ಕಲ್ಲುಬಸವಣ್ಣನಿಗೆ ಕೈಮುಗಿದು, ಬಿಸಿಲೇರುವುದರೊಳಗೆ ಇಳಿದು ಬರುತ್ತಾರೆ. ದನಗಳು ತುಳಿದು ತುಳಿದು ಮಾಡಿದ ಸಲೀಸಾದ ದಾರಿ. ಆ ಬೆಳಿಗ್ಗೆ ಸುಶೀಲವ್ವ ಮಾತ್ರ ಯಾರೋ ಅಟ್ಟಿಸಿಕೊಂಡು ಬಂದಂತೆ ಹತ್ತುತ್ತಿದ್ದಳು. ಎಡಗೈಯಲ್ಲಿ ಮೊಬೈಲು ಹಿಡಿದಿದ್ದಳು. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ಅಕ್ಕಾ, ಗುಡ್ಡ ಎಲ್ಲೂ ಓಡಿ ಹೋಗೂದಿಲ್ಲ. ಸಾವಕಾಶ ನಡಿ," ಎಂದು ಹಿಂದಿನಿಂದ ಜುಲೇಖಾಬಿ ಕೂಗಿದಳು.

ಜುಲೇಖಾಬಿ ಬಾಜು ಮನೆಯವಳು, ಮೂವತ್ತು ವರ್ಷದ ಗೆಳತಿ. ಮುತ್ತಲ ಗಿಡ ಕಂಡಲ್ಲೆಲ್ಲ ನಿಂತು, ಉದುರಿದ ಕೇಸರಿ ಹೂಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಆ ಹೂ ಕುದಿಸಿದ ನೀರಿನಲ್ಲಿ ಮೀಸಿದರೆ ಕೂಸುಗಳಿಗೆ ಬೇಸಿಗೆಯ ಬೊಕ್ಕೆ ಏಳುವುದಿಲ್ಲ ಎಂದು ಅವಳ ನಂಬಿಕೆ. ಸೊಸೆ ರುಬಿಯಾಳ ನಾಲ್ಕು ತಿಂಗಳ ಮಗನಿಗೆ ಇದು ಮೊದಲ ಬೇಸಿಗೆ.

ಹೊರಡುವಾಗಲೂ ಹೀಗೇ ಸತಾಯಿಸಿದ್ದಳು. ಎಮ್ಮೆಗೆ ನೀರಿಡಲು ಹೇಳಿ ಮನೆಯ ಕೀಲಿಯನ್ನು ರುಬಿಯಾಳಿಗೆ ಕೊಟ್ಟು ಸುಶೀಲವ್ವ ಕಟ್ಟೆಯ ಮೇಲೆ ಕಾಯುತ್ತಿದ್ದರೆ, ಈ ಮಹಾರಾಯ್ತಿ ಸೊಸೆಯ ಕಿವಿಯಲ್ಲಿ ಗುಸುಗುಸು ಮಾಡುತ್ತ ಕಾಲು ಗಂಟೆ ಒಳಗೇ ಉಳಿದಿದ್ದಳು. ಸುಶೀಲವ್ವನಿಗೆ ಮೈಯೆಲ್ಲ ಉರಿದಿತ್ತು.

ಉರಿಯದೆ ಏನು ಮಾಡೀತು? ಹಿಂದಿನ ರಾತ್ರಿ ಹುಬ್ಬಳ್ಳಿಯಿಂದ ಅಳಿಯ ಗೌರೀಶ ಫೋನು ಮಾಡಿದ್ದ. ಮಗಳು ರೋಹಿಣಿಗೆ ಎಂಟನೆಯ ತಿಂಗಳಿಗೇ ಬೇನೆ ಶುರುವಾಗಿತ್ತು. ಎರಡು ವರ್ಷದ ಹಿಂದೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಇದಾದರೂ ಉಳಿಯಲಿ ಎಂದು ಇಡೀ ಮನೆ ಉಸಿರು ಬಿಗಿಹಿಡಿದು ಕೂತಿತ್ತು. ಗಂಡ ಈರಪ್ಪ ಮೊದಲ ಬಸ್ಸಿಗೇ ಹೊರಟ. "ನೀನೂ ಬಾ" ಎಂದಾಗ ಸುಶೀಲವ್ವ, ಎಮ್ಮೆ ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ ಎಂದು ನೆವ ಹೇಳಿದಳು. ಬೆಳಗಾಗುವಷ್ಟರಲ್ಲಿ ಊರಿನ ನೆಟ್‌ವರ್ಕು ಸತ್ತಿತ್ತು. ಗುಡ್ಡದ ತುದಿಯಲ್ಲಾದರೆ ಸಿಗುತ್ತದೆ.

ಎಮ್ಮೆಯದು ಬರೀ ಸುಳ್ಳು. ಖರೆ ಸಂಗತಿ ಆ ಬಲಗೈಯಲ್ಲಿತ್ತು.

ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನದು. ಕಲಘಟಗಿಯ ಬಣ್ಣದ ತೊಟ್ಟಿಲು ಬೇಕೆಂದರೆ ತಿಂಗಳುಗಟ್ಟಲೆ ಮುಂಚೆ ಹೇಳಿಡಬೇಕು, ಹೇಳಿಟ್ಟಿದ್ದಳು. ಕೂಸು ಹುಟ್ಟಿದ ಮೇಲೆ ನಾವೇ ಬಂದು ಒಯ್ಯುತ್ತೇವೆ ಎಂದೂ ಹೇಳಿದ್ದಳು. ಆದರೆ ನಿನ್ನೆ ಮಧ್ಯಾಹ್ನ, ಈ ಕಡೆ ಬರುವ ಟೆಂಪೋ ಸಿಕ್ಕಿತೆಂದು ತೊಟ್ಟಿಲು ಮಾಡುವವರು ಕಳಿಸಿಯೇಬಿಟ್ಟರು. ತಿರುಗಿ ಕಳಿಸಬೇಕಿತ್ತು. ಆ ಕೆಂಪು ಹೊಳಪು, ಅಂಚಿಗೆ ಸಾಲಾಗಿ ಕೂತ ಗಿಳಿಗಳನ್ನು ನೋಡಿ ಮನಸ್ಸು ತಡೆಯಲಿಲ್ಲ. ಪಡಸಾಲೆಯ ಜಂತಿಗೆ ಕಟ್ಟಿಸಿದಳು. ಟೆಂಪೋದವನು ಹೋದ ಮೇಲೆ ಒಂದು ಸಲ, ಒಂದೇ ಸಲ, ತೂಗಿದಳು. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡೆಂದು ಎಷ್ಟು ಹುಡುಗಿಯರ ಕೈಮೇಲೆ ತಾನೇ ಹೊಡೆದಿದ್ದಳೋ ಲೆಕ್ಕವಿಲ್ಲ. ರಾತ್ರಿ ಫೋನು ಬಂತು. ಆ ಕೈಯನ್ನು ಹೊತ್ತುಕೊಂಡು ಮಗಳ ಹತ್ತಿರ ಯಾವ ಮುಖದಿಂದ ಹೋಗುವುದು?

ಅರ್ಧ ಗುಡ್ಡದಲ್ಲಿ ಕವಳಿ ಹಣ್ಣಿನ ಪೊದೆಗಳು ಮೈತುಂಬ ಬಿಳಿ ಹೂ ಬಿಟ್ಟು ಘಮಘಮ ಎನ್ನುತ್ತಿದ್ದವು. ಎಲೆಯೆಲ್ಲ ಕಳಚಿದ ಬೂರಲ ಗಿಡದ ಕೆಂಪು ಹೂಗಳಲ್ಲಿ ಹಕ್ಕಿಗಳು ಜಗಳಾಡುತ್ತಿದ್ದವು. ಜುಲೇಖಾಬಿ ಬಂಡೆಯ ಮೇಲೆ ಕೂತು, "ನೋಡ ಇಲ್ಲೆ, ಕೆರಿ ಹೆಂಗ ಕಾಣಾಕತ್ತೈತಿ," ಎಂದಳು. ಕೆಳಗೆ ಕೆರೆ, ಅದರ ಬೆನ್ನಿಗೆ ಹಸಿರು ಕಬ್ಬು, ಕೊಯ್ದ ಭತ್ತದ ಗದ್ದೆ, ಅದರಾಚೆ ಕಾಡಿನ ಅಂಚಿನುದ್ದಕ್ಕೂ ಮುತ್ತಲದ ಕೇಸರಿ. ಬೇರೆ ದಿನವಾಗಿದ್ದರೆ ಸುಶೀಲವ್ವನೇ ಮೊದಲು ಕೂರುತ್ತಿದ್ದಳು. ಈಗ ಆ ಬಣ್ಣಗಳೆಲ್ಲ ಅವಳ ಕಣ್ಣಿಗೆ ತೊಟ್ಟಿಲಿನ ಬಣ್ಣಗಳೇ ಆಗಿ ಕಂಡವು.

"ನಿನಗೇನಬೇ, ನಿನ್ನ ಮೊಮ್ಮಗ ಮನ್ಯಾಗ ಅದಾನ," ಎಂದು ಸಿಡುಕಿ ನಡೆದಳು. ಅಂದಮೇಲೆ ಅಂದದ್ದು ತನಗೇ ಚುಚ್ಚಿತು. ಜುಲೇಖಾಬಿ ಬುಟ್ಟಿ ಎತ್ತಿಕೊಂಡು ಹಿಂದೆ ಬಂದಳು.

ತುದಿಯಲ್ಲಿ ಎರಡು ಸಲ ಫೋನು ಹತ್ತಲಿಲ್ಲ. ಬಸವಣ್ಣನ ಬಲಕ್ಕೆ ಸರಿದಳು, ಎಡಕ್ಕೆ ಸರಿದಳು. ಮೂರನೆಯ ಸಲ ಈರಪ್ಪನ ದನಿ ಕೇಳಿತು.

"ಎಲ್ಲಿ ಹಾಳಾಗಿ ಹೋಗಿದ್ದಿ? ಆಗಿಂದ ಹಚ್ಚಾಕತ್ತೇನಿ. ಹೆಣ್ಣ ಕೂಸು."

"ಉಸರಾಡಾಕತ್ತೈತಿಲ್ರಿ?"

"ಆಡಾಕತ್ತೈತಿ. ಅಗದೀ ಸಣ್ಣದೈತಿ. ಗಾಜಿನ ಪೆಟಿಗ್ಯಾಗ ಇಟ್ಟಾರ. ಹದಿನೈದ ದಿವಸ ಏನೂ ಹೇಳಾಕಾಗೂದಿಲ್ಲ ಅಂತಾರ ಡಾಕ್ಟರು. ರೋಹಿಣಿ ಒಂದ ಸವನ ನಿನ್ನ ಕೇಳಾಕತ್ಯಾಳ. ಲಗೂನ ಬಾ."

ಫೋನು ಕಟ್ಟಾಯಿತು. ಸುಶೀಲವ್ವ ಅಲ್ಲೇ ಕೂತಳು.

"ನಾ ಹೋಗೂದಿಲ್ಲ, ಜುಲೇಖಾ. ಹೋದರ ಅದೂ ಉಳಿಯೂದಿಲ್ಲ. ಖಾಲಿ ತೊಟ್ಲಾ ತೂಗೇನಿ ನಾನು. ಈ ಕೈಲೇ." ಸೆರಗಿನಿಂದ ಕೈ ತೆಗೆದು ತೋರಿಸಿ, ಗಳಗಳ ಅತ್ತಳು. "ಇನ್ನ ಹದಿನೈದ ದಿವಸ ಅದು ಖಾಲಿನ ಜೋತಾಡತೈತಿ. ಅದನ್ನ ಒಡದು ಒಲಿಗೆ ಹಾಕತೇನಿ."

"ಹಾಕಂತಿ. ಮೊದಲ ನನ್ನ ಮೊಮ್ಮಗನ್ನ ಎತ್ತಕೊಳ್ಳಾಕ ಬಿಡು," ಎಂದಳು ಜುಲೇಖಾಬಿ.

ಸುಶೀಲವ್ವ ಅಳು ನಿಲ್ಲಿಸಿ ಮುಖ ನೋಡಿದಳು.

"ನಿನ್ನೆ ನೀ ತೂಗೂದು ನಾ ಬಾಗಿಲದಾಗ ನಿಂತು ನೋಡೇನಿ. ರಾತ್ರಿಯೆಲ್ಲಾ ನೀ ನಿದ್ದಿ ಮಾಡಿಲ್ಲ, ಅದೂ ಗೋಡಿ ಆಚೆ ಕೇಳೇತಿ. ಕೀಲಿ ಹೆಂಗೂ ರುಬಿಯಾನ ಕೈಯಾಗ ಬಂತು. ಕೂಸಿನ್ನ ಅದರಾಗ ಮಲಗಸು ಅಂತ ಹೇಳಿ ಬಂದೇನಿ. ನಿಮ್ಮ ಹುಡುಗಿ ಬರೂತನಕಾ ನಮ್ಮ ಹುಡುಗ ಜಾಗಾ ಹಿಡದಿರತಾನ. ಖಾಲಿ ಎಲ್ಲೈತಿ?"

ಸುಶೀಲವ್ವನಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಮೊಮ್ಮಗಳು ಇನ್ನೂ ಕಣ್ಣಲ್ಲಿ ಕಾಣದ ತೊಟ್ಟಿಲು. ನಾಲ್ಕು ತಿಂಗಳಿಂದ ಕನಸು ಕಂಡ ತೊಟ್ಟಿಲು.

"ಹೊಸಾದೈತೆಲ್ಲಬೇ ಅದು. ಉಚ್ಚಿ ಹೊಯ್ದಿದ್ದರ?"

"ಇಷ್ಟೊತ್ತಿಗೆ ಹೊಯ್ದಿರತಾನ," ಎಂದಳು ಜುಲೇಖಾಬಿ, ಸಂದೇಹವೇ ಇಲ್ಲದಂತೆ.

ಸುಶೀಲವ್ವನಿಗೆ ಅಳುವಿನ ನಡುವೆಯೇ ನಗೆ ಬಂತು. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಇಳಿಯುವಾಗಲೂ ಓಡಿಯೇ ಇಳಿದಳು. ಮೊಮ್ಮಗಳ ಬಗೆಗಿನ ಭಯ ಎಲ್ಲೂ ಹೋಗಿರಲಿಲ್ಲ, ಹತ್ತೂವರೆಯ ಬಸ್ಸು ತಪ್ಪೀತೆಂಬ ಭಯವೂ ಜೊತೆಗೆ ಸೇರಿತ್ತು.

ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ರುಬಿಯಾ ತುಟಿಯ ಮೇಲೆ ಬೆರಳಿಟ್ಟಳು. ಗಿಳಿಗಳ ಸಾಲಿನ ನಡುವೆ ಹುಡುಗ ಮುಷ್ಟಿ ಬಿಗಿದು ಮಲಗಿದ್ದ, ಕೆಳಗಿನ ಬಟ್ಟೆ ಒದ್ದೆಯಾಗಿತ್ತು. ಸುಶೀಲವ್ವ ಚೀಲಕ್ಕೆ ಎರಡು ಸೀರೆ, ಹಳೆಯ ಮೆತ್ತನೆಯ ಧೋತರ ತುರುಕಿಕೊಂಡು ಹೊಸ್ತಿಲವರೆಗೆ ಹೋದಳು. ಅಷ್ಟರಲ್ಲಿ ಹುಡುಗ ಕುಂಯ್‌ಗುಟ್ಟಿದ.

ತಿರುಗಿ ಬಂದು ಬಲಗೈಯಿಂದ ತೊಟ್ಟಿಲು ತೂಗಿದಳು. ಅವನು ಸುಮ್ಮನಾಗುವವರೆಗೂ ತೂಗಿ, ಬಸ್ಸಿಗೆ ಹೋದಳು.